ಪ್ರಶ್ನೆ ಬರೆಯುವಾಗ ರೋಗಿ ಎಲ್ಲಿದ್ದರು?

ಬಸವಕಲ್ಯಾಣದ ಕ್ಷಯರೋಗಿ ಎಷ್ಟು ತಿಂಗಳು ಮಾತ್ರೆ ನುಂಗಬೇಕು, ಹುಮನಾಬಾದಿನ ಬಸುರಿಯ ರಕ್ತಹೀನತೆಗೆ ಮಾತ್ರೆ ಸಾಕೋ ಅಥವಾ ಸಲೈನ್ ಮೂಲಕ ಕಬ್ಬಿಣಾಂಶ ಏರಿಸಬೇಕೋ ಎಂಬುದನ್ನು ಆ ಊರಿನ ವೈದ್ಯರು ತಮ್ಮ ಮನಸ್ಸಿಗೆ ಬಂದಂತೆ ತೀರ್ಮಾನಿಸುವುದಿಲ್ಲ. ಬೇರೆಲ್ಲೋ ನಡೆದ ಅಧ್ಯಯನಗಳ ಫಲಿತಾಂಶ ಮಾರ್ಗಸೂಚಿಯಾಗಿ ದೆಹಲಿಗೆ, ಅಲ್ಲಿಂದ ಬೆಂಗಳೂರಿಗೆ, ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಬಂದು ತಲುಪುತ್ತದೆ. ಈ ಎರಡು ತಾಲ್ಲೂಕುಗಳ ಜನ ಕಾಯಿಲೆ ಜೋರಾದರೆ ಬೀದರ್ ಇಲ್ಲವೇ ಕಲಬುರಗಿಗೆ ಹೋಗುತ್ತಾರೆ. ಹುಮನಾಬಾದನ್ನು ಹಾಯ್ದು ಹೋಗುವ ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವವರೂ ಕಡಿಮೆಯಿಲ್ಲ. ಅಲ್ಲಿ ಯಾವುದಾದರೂ ಅಧ್ಯಯನ ನಡೆಯುತ್ತಿದ್ದರೆ ಅವರ ರಕ್ತ, ಕಫ, ಎಕ್ಸರೇ ಅದರ ಲೆಕ್ಕಕ್ಕೆ ಸೇರಬಹುದು. ಅವರ ಅಭಿಪ್ರಾಯ ಸೇರುವುದಿಲ್ಲ. ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು, ಯಾವುದನ್ನು ಅಳೆದರೆ ಗುಣವಾಯಿತು ಎನ್ನಬಹುದು, ಎಷ್ಟು ಸಲ ಆಸ್ಪತ್ರೆಗೆ ಕರೆಸಬಹುದು ಎಂಬುದೆಲ್ಲ ಅವರು ಬಾಗಿಲಿಗೆ ಬರುವ ಮೊದಲೇ ಬರೆದು ಮುಗಿದಿರುತ್ತದೆ. ಅಧ್ಯಯನದ ಪ್ರಶ್ನೆ ಬರೆಯುವ ಹೊತ್ತಿಗೇ ಆ ಕಾಯಿಲೆಯನ್ನು ಅನುಭವಿಸಿದವರು ಸಲಹೆಗಾರರಾಗಿ ಕೂತಿರಬೇಕು ಎಂಬುದು ಈ ಅಧ್ಯಾಯದ ವಾದ. ಕರುಣೆಯ ಕಾರಣಕ್ಕಾಗಿ ಈ ಮಾತು ಹೇಳುತ್ತಿಲ್ಲ. ಅವರಿಲ್ಲದೆ ಹೋದರೆ ಅಧ್ಯಯನವೇ ತಪ್ಪು ದಾರಿ ಹಿಡಿಯುತ್ತದೆ ಎಂಬುದಕ್ಕೆ ಪುರಾವೆಗಳಿವೆ. ಅವುಗಳಲ್ಲಿ ಬಹಳ ಹಳೆಯದೊಂದು ನಮ್ಮ ತುಮಕೂರು ಜಿಲ್ಲೆಯದು.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದಾಗ ತಜ್ಞರ ವಲಯದಲ್ಲಿ ಒಂದು ನಂಬಿಕೆ ಗಟ್ಟಿಯಾಗಿತ್ತು. ಹಳ್ಳಿಯವರಿಗೆ ಕ್ಷಯದ ಲಕ್ಷಣ ಗೊತ್ತಾಗುವುದಿಲ್ಲ, ಗೊತ್ತಾದರೂ ಅವರು ವೈದ್ಯರ ಬಳಿ ಬರುವುದಿಲ್ಲ, ಆದ್ದರಿಂದ ಎಕ್ಸರೇ ಯಂತ್ರ ಹೊತ್ತ ವಾಹನಗಳನ್ನು ಊರೂರಿಗೆ ಓಡಿಸಿ ರೋಗಿಗಳನ್ನು ಹುಡುಕಿ ತೆಗೆಯಬೇಕು ಎಂಬುದು ಆ ನಂಬಿಕೆ. ಇದು ನಿಜವೇ ಎಂದು ನೋಡಲು ಸಂಸ್ಥೆಯ ಸಮಾಜಶಾಸ್ತ್ರೀಯ ವಿಭಾಗದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಪತ್ತೆಯಾದ ರೋಗಿಗಳನ್ನೇ ಮಾತನಾಡಿಸಿದರು. ನಿಮಗೆ ಏನಾಗುತ್ತಿದೆ, ಅದರ ಬಗ್ಗೆ ಚಿಂತೆ ಇದೆಯೇ, ಇದುವರೆಗೆ ಏನು ಮಾಡಿದಿರಿ ಎಂದು ಕೇಳಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ಉತ್ತರ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಹೆಚ್ಚುಕಡಿಮೆ ಎಲ್ಲ ರೋಗಿಗಳಿಗೂ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಬಹುಪಾಲು ಜನರಿಗೆ ಅದೇ ಚಿಂತೆಯಾಗಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಬಾಟಲಿ ಕೆಮ್ಮಿನ ಔಷಧಿ. ಕೊರತೆ ಇದ್ದದ್ದು ಹಳ್ಳಿಯವರ ತಿಳಿವಳಿಕೆಯಲ್ಲಿ ಅಲ್ಲ, ಬಂದವರ ಕಫವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡದ ಆಸ್ಪತ್ರೆಯಲ್ಲಿ. ರೂಪುಗೊಳ್ಳುತ್ತಿದ್ದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆ ನಿಂತಿತು: ತಾನಾಗಿ ಬರುವ ಕೆಮ್ಮಿನ ರೋಗಿಯ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸುವುದು ಅದರ ತಿರುಳಾಯಿತು. ಒಂದು ದೇಶದ ಆರೋಗ್ಯ ಯೋಜನೆಯ ದಿಕ್ಕು ಬದಲಿಸಲು ಬೇಕಾದ ಮಾಹಿತಿ ತುಮಕೂರಿನ ಬಡ ರೋಗಿಗಳ ಬಳಿ ಮೊದಲಿನಿಂದಲೂ ಇತ್ತು, ಕೇಳುವವರು ಇರಲಿಲ್ಲ. ಇಷ್ಟು ಹೇಳಿದ ಮೇಲೆ ಒಂದು ಮಿತಿಯನ್ನೂ ಹೇಳಬೇಕು. ಆ ಅಧ್ಯಯನದಲ್ಲೂ ರೋಗಿಗಳು ಉತ್ತರ ಕೊಟ್ಟವರೇ ಹೊರತು ಪ್ರಶ್ನೆ ರೂಪಿಸಿದವರಲ್ಲ. ಇಬ್ಬರು ಸಂಶೋಧಕರಿಗೆ ಸರಿಯಾದ ಪ್ರಶ್ನೆ ಹೊಳೆದದ್ದು ಅದೃಷ್ಟ. ಸಲಹೆಗಾರ ರೋಗಿಗಳಿದ್ದರೆ ಅಂಥ ಪ್ರಶ್ನೆಗೆ ಅದೃಷ್ಟವನ್ನು ಕಾಯಬೇಕಿಲ್ಲ.

ಪ್ರಶ್ನೆಯಷ್ಟೇ ಮುಖ್ಯವಾದದ್ದು ಅಳತೆ. ಸಂಧಿವಾತದ ಅಧ್ಯಯನಗಳಲ್ಲಿ ದಶಕಗಳ ಕಾಲ ಊದಿದ ಕೀಲುಗಳನ್ನು ಎಣಿಸುತ್ತಿದ್ದರು, ರಕ್ತದಲ್ಲಿ ಉರಿಯೂತದ ಸೂಚಕಗಳನ್ನು ನೋಡುತ್ತಿದ್ದರು. ಯಾವುದನ್ನು ಅಳೆಯಬೇಕೆಂದು ನಿರ್ಧರಿಸುವ ಅಂತರರಾಷ್ಟ್ರೀಯ ಸಂಶೋಧಕರ ಗುಂಪು 2002ರಲ್ಲಿ ಮೊದಲ ಬಾರಿಗೆ ರೋಗಿಗಳನ್ನೂ ತನ್ನ ಸಭೆಗೆ ಕರೆದಾಗ ಅವರು ಎತ್ತಿದ ವಿಷಯ ಬೇರೆಯೇ ಆಗಿತ್ತು. ದಿನವಿಡೀ ಬಿಡದ ದಣಿವು ತಮ್ಮನ್ನು ನೆಲಕಚ್ಚಿಸುತ್ತದೆ ಎಂದರು. ಅದು ಯಾರ ಪಟ್ಟಿಯಲ್ಲೂ ಮುಖ್ಯವಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ, ಸಾಧ್ಯವಾದ ಕಡೆಯಲ್ಲೆಲ್ಲ ದಣಿವನ್ನೂ ಅಳೆಯಬೇಕೆಂಬ ಶಿಫಾರಸು ಬಂತು. ಔಷಧ ನಿರೋಧಕ ಕ್ಷಯದ ಕಥೆ ಇದಕ್ಕಿಂತ ಕಠೋರ. ಕೆನಮೈಸಿನ್‌ನಂಥ ಚುಚ್ಚುಮದ್ದು ಪಡೆದ ಅನೇಕರು ಕ್ಷಯದಿಂದ ಪಾರಾಗಿ ಶಾಶ್ವತವಾಗಿ ಕಿವುಡರಾದರು. ಕಾರ್ಯಕ್ರಮದ ದಾಖಲೆಯಲ್ಲಿ ಅವರು ಗುಣಮುಖರು. ಹೀಗೆ ಕಿವಿ ಕಳೆದುಕೊಂಡ ಭಾರತದ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ, ಚುಚ್ಚುಮದ್ದಿನ ಬದಲು ನುಂಗಬಹುದಾದ ಬೆಡಾಕ್ವಿಲಿನ್ ಮಾತ್ರೆಯ ಪೇಟೆಂಟ್ ಅವಧಿಯನ್ನು ವಿಸ್ತರಿಸುವ ಅರ್ಜಿಯನ್ನು ಭಾರತದ ಪೇಟೆಂಟ್ ಕಚೇರಿಯಲ್ಲಿ ಪ್ರಶ್ನಿಸಿದರು. 2023ರ ಮಾರ್ಚ್‌ನಲ್ಲಿ ಆ ಅರ್ಜಿ ತಿರಸ್ಕೃತವಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅಷ್ಟರಲ್ಲಿ ಕೆನಮೈಸಿನ್ ಅನ್ನು ಶಿಫಾರಸಿನಿಂದ ಕೈಬಿಟ್ಟಿತ್ತು. ಕಿವಿ ಕೇಳುತ್ತಿದೆಯೇ ಎಂಬುದನ್ನು ಗುಣವಾಗುವುದರ ಅಳತೆಯೊಳಗೆ ಮೊದಲಿನಿಂದಲೇ ಸೇರಿಸಬೇಕು ಎಂದು ಹೇಳಲು ರೋಗಿಗಳಿಗೆ ಯಾವ ಪದವಿಯೂ ಬೇಕಿರಲಿಲ್ಲ.

ಕ್ಷಯಕ್ಕೆ ಸಂಬಂಧಿಸಿದ ಇನ್ನೊಂದು ವಿಷಯ ಅನ್ನದ್ದು. ಹೊಟ್ಟೆಗಿಲ್ಲದೆ ಮಾತ್ರೆ ತಡೆದುಕೊಳ್ಳಲಾಗುವುದಿಲ್ಲ ಎಂಬುದು ಬಡ ರೋಗಿಗಳ ಹಳೆಯ ಮಾತು. ಸಂಶೋಧನೆಯ ಹಣ ಬಹುಕಾಲ ಹರಿದದ್ದು ಔಷಧಿಯ ಕಡೆಗೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡದಲ್ಲಿ ನಡೆಸಿದ ‘ರೇಷನ್ಸ್’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳ ಮನೆಯವರಾದ 10,345 ಮಂದಿಯನ್ನು ಅದರಲ್ಲಿ ಗಮನಿಸಲಾಗಿತ್ತು. ರೋಗಿಗಷ್ಟೇ ಅಲ್ಲದೆ ಮನೆಯವರಿಗೂ ಅಕ್ಕಿ, ಬೇಳೆಯ ಪಡಿತರ ಮತ್ತು ಪೋಷಕಾಂಶದ ಮಾತ್ರೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಬೇಳೆಯೂ ಸೇರಿದ ಆಹಾರ ಮದ್ದಿನ ಕೆಲಸ ಮಾಡಿದ ಈ ಸಂಗತಿಯನ್ನು ತೊಗರಿ ಬೆಳೆಯುವ ಬೀದರ್ ಸೀಮೆಯವರು ಗಮನಿಸಬೇಕು. ಈ ಅಧ್ಯಯನ ರೋಗಿ ಸಲಹಾ ಮಂಡಳಿಯಿಂದ ಹುಟ್ಟಿದ್ದೆಂದು ನಾನು ಹೇಳುತ್ತಿಲ್ಲ. ಸಂವೇದನೆಯುಳ್ಳ ವೈದ್ಯರು ಎತ್ತಿಕೊಂಡ ಪ್ರಶ್ನೆ ಅದು. ಆದರೆ ರೋಗಿಗಳನ್ನು ಮೊದಲೇ ಕೂರಿಸಿ ಕೇಳುವ ಪದ್ಧತಿ ಇದ್ದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಕೇಳದೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಕಾಂಬೋಡಿಯಾ ಸಾಕ್ಷಿ. ಎಚ್‌ಐವಿ ಸೋಂಕನ್ನು ಮುಂಚಿತವಾಗಿ ತಡೆಯುವ ಮಾತ್ರೆಯನ್ನು ಅಲ್ಲಿನ ಲೈಂಗಿಕ ಕಾರ್ಯಕರ್ತೆಯರ ಮೇಲೆ ಪ್ರಯೋಗಿಸಲು ಎಲ್ಲ ಸಿದ್ಧತೆಯಾಗಿತ್ತು. ಅಡ್ಡಪರಿಣಾಮವಾದರೆ ನಮ್ಮನ್ನು ಮುಂದೆ ನೋಡಿಕೊಳ್ಳುವವರು ಯಾರು ಎಂದು ಅವರ ಸಂಘಟನೆ ಕೇಳಿತು. ತೃಪ್ತಿಕರ ಉತ್ತರ ಸಿಗಲಿಲ್ಲ. ಪ್ರತಿಭಟನೆ ನಡೆದು 2004ರ ಆಗಸ್ಟ್‌ನಲ್ಲಿ ಸರ್ಕಾರವೇ ಪ್ರಯೋಗವನ್ನು ನಿಲ್ಲಿಸಿತು. ಅದೇ 2004ರಲ್ಲಿ ಮೈಸೂರಿನಲ್ಲಿ ಬೇರೊಂದು ಬಗೆಯ ಕೆಲಸ ಶುರುವಾಗಿತ್ತು. ಅಲ್ಲಿನ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿ ನಡೆಸುವ ಆಶೋದಯ ಸಮಿತಿಯಲ್ಲಿ, ಸಮೀಕ್ಷೆ ಹೇಗೆ ನಡೆಯಬೇಕು, ಕ್ಲಿನಿಕ್ ಎಲ್ಲಿರಬೇಕು, ಯಾವ ಹೊತ್ತಿಗೆ ತೆರೆದಿರಬೇಕು ಎಂಬ ತೀರ್ಮಾನಗಳಲ್ಲಿ ಸಂಶೋಧಕರ ಜೊತೆ ಆ ಮಹಿಳೆಯರೂ ಇದ್ದರು. 2004 ಮತ್ತು 2006ರ ಸಮೀಕ್ಷೆಗಳ ನಡುವೆ ಅವರಲ್ಲಿ ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲವಾದ್ದರಿಂದ ಅಷ್ಟೂ ಶ್ರೇಯ ಒಂದೇ ಕಾರಣಕ್ಕೆ ಸಲ್ಲುವುದಿಲ್ಲ, ನಿಜ. ಮುಂದೆ ಕಾಂಬೋಡಿಯಾದಲ್ಲಿ ನಿಂತುಹೋದ ಬಗೆಯ ಮಾತ್ರೆಯ ಅಧ್ಯಯನವೇ ಮೈಸೂರಿಗೂ ಬಂತು. ತಮ್ಮೊಳಗೆ ಬಹಳ ಚರ್ಚೆ ನಡೆಸಿ, ಒಪ್ಪಿ, ಆ ಮಹಿಳೆಯರೇ ಮಾತ್ರೆ ಹಂಚಿದರು. ಸೇರಿದ ಆರುನೂರಕ್ಕೂ ಹೆಚ್ಚು ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೊನೆಯವರೆಗೆ ಉಳಿದರು. ಭಾಗವಹಿಸುವವರು ಅರ್ಧಕ್ಕೇ ಬಿಟ್ಟುಹೋಗುವುದು ಇಂಥ ಅಧ್ಯಯನಗಳ ದೊಡ್ಡ ಪಿಡುಗು ಎಂಬುದು ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ.

ಈಗ ನಮ್ಮ ತಾಲ್ಲೂಕುಗಳ ಪಕ್ಕದ ಜಿಲ್ಲೆಗೆ ಬರೋಣ. 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದುಹಾಕಲಾಗಿದೆ ಎಂಬ ಆರೋಪ ಬೆಳಕಿಗೆ ಬಂತು. ಬಿಳಿ ಸೆರಗು, ಸೊಂಟನೋವು, ಹೊಟ್ಟೆನೋವು ಎಂದು ದವಾಖಾನೆಗೆ ಹೋದ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ‘ಗರ್ಭಚೀಲ ತೆಗೆಸಿಬಿಡಿ’ ಎಂದು ವೈದ್ಯರು ಹೇಳಿದ್ದರೆಂದು ಆ ಮಹಿಳೆಯರು ತಿಳಿಸಿದರು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಅವರ ಹೇಳಿಕೆಗಳನ್ನು ಸಂಗ್ರಹಿಸಿದವು, ಆರೋಗ್ಯ ಇಲಾಖೆ ತನಿಖೆ ನಡೆಸಿತು, 2017ರಲ್ಲಿ ಆ ಮಹಿಳೆಯರೇ ಬೀದಿಗಿಳಿದು ನ್ಯಾಯ ಕೇಳಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಅರ್ಜಿಯಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶಿಸಿತು. ಇದನ್ನು ಬರೀ ಅನ್ಯಾಯದ ಕಥೆಯಾಗಿ ಓದಿದರೆ ವಿಜ್ಞಾನಕ್ಕೆ ಇದರಲ್ಲಿರುವ ಪಾಠ ತಪ್ಪಿಹೋಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಶಸ್ತ್ರಚಿಕಿತ್ಸೆಯ ಬಗ್ಗೆ ವಿವರವಾಗಿ ಕೇಳತೊಡಗಿದ್ದು 2015–16ರ ನಾಲ್ಕನೆಯ ಸುತ್ತಿನಲ್ಲಿ. 2019–21ರ ಸುತ್ತಿನಲ್ಲಿ, 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 3ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಬೀದರ್ ಜಿಲ್ಲೆಗೆ ಅಂಟಿಕೊಂಡಿರುವ ತೆಲಂಗಾಣದಲ್ಲಿ ಅದು ಶೇ. 8ರ ಆಸುಪಾಸು. ಅಂಕಿಅಂಶ ಹುಟ್ಟುವ ಮೊದಲೇ ತಾಂಡಾದ ಹೆಂಗಸರಿಗೆ ಮನೆಮನೆಯ ಲೆಕ್ಕ ಗೊತ್ತಿತ್ತು. ಶಸ್ತ್ರಚಿಕಿತ್ಸೆಯ ನಂತರ ಬರುವ ಸುಸ್ತು, ಕೈಕಾಲು ಉರಿ, ಕೂಲಿ ಕೆಲಸ ಮಾಡಲಾಗದ ಸ್ಥಿತಿ ಗೊತ್ತಿತ್ತು. ಯಾವುದಾದರೂ ಅಧ್ಯಯನದ ಸಲಹಾ ಸಮಿತಿಯಲ್ಲಿ ಅವರಲ್ಲಿ ನಾಲ್ವರು ಇದ್ದಿದ್ದರೆ, ಈ ಪ್ರಶ್ನೆ ಸಮೀಕ್ಷೆಯ ಹಾಳೆಗೆ ಎಷ್ಟು ವರ್ಷ ಮೊದಲು ಬರುತ್ತಿತ್ತು!

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ರಕ್ತಹೀನತೆಯದೋ ಸಕ್ಕರೆ ಕಾಯಿಲೆಯದೋ ಒಂದು ವರ್ಷದ ಅಧ್ಯಯನ ನಡೆಯಲಿದೆ ಎಂದು ಭಾವಿಸೋಣ. ಸಂಶೋಧಕರ ಕರಡಿನಲ್ಲಿ ಜನವರಿಯಲ್ಲಿ ಒಂದು ಭೇಟಿ ಇರುತ್ತದೆ. ಆಗ ತೊಗರಿ ರಾಶಿಯ ಕಾಲ. ಹೊಲ ಬಿಟ್ಟು ಯಾರೂ ಪಟ್ಟಣಕ್ಕೆ ಬರುವುದಿಲ್ಲ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಗುಳೆ ಹೋದ ಕುಟುಂಬ ಯುಗಾದಿಯವರೆಗೆ ತಾಂಡಾದಲ್ಲಿ ಇರುವುದೇ ಇಲ್ಲ. ಅಧ್ಯಯನದ ಕಡತದಲ್ಲಿ ಅಂಥವರನ್ನು ‘ಸಂಪರ್ಕಕ್ಕೆ ಸಿಗದವರು’ ಎಂದು ಬರೆದು ಬಿಡುತ್ತಾರೆ. ಬಿಟ್ಟುಹೋದವರೆಲ್ಲ ಅತಿ ಬಡವರೇ ಆಗಿದ್ದರೆ ಉಳಿದವರಿಂದ ಬಂದ ಫಲಿತಾಂಶ ಊರಿನದಾಗುವುದಿಲ್ಲ, ಊರಿನಲ್ಲಿ ಸ್ಥಿತಿವಂತರಾದವರದಾಗುತ್ತದೆ; ಸಂಖ್ಯಾಶಾಸ್ತ್ರದ ಯಾವ ಕಸರತ್ತೂ ಇದನ್ನು ಪೂರ್ತಿ ಸರಿಪಡಿಸಲಾರದು. ಭಾಷೆಯ ಮಾತೂ ಹಾಗೆಯೇ. ಈ ಸೀಮೆಯಲ್ಲಿ ಕನ್ನಡದ ಜೊತೆ ಮರಾಠಿ, ದಖನಿ ಉರ್ದು, ಲಂಬಾಣಿ, ತೆಲುಗು ಮನೆಮಾತುಗಳಿವೆ. ಬೆಂಗಳೂರಿನಲ್ಲಿ ಅನುವಾದವಾದ ಒಪ್ಪಿಗೆ ಪತ್ರದ ಕನ್ನಡ ಕನ್ನಡಿಗರಿಗೇ ಎಷ್ಟೋ ಸಲ ಅರ್ಥವಾಗುವುದಿಲ್ಲ. ಒಂದು ದಿನ ಆಸ್ಪತ್ರೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಇದನ್ನೆಲ್ಲ ಬಲ್ಲ ಆರೇಳು ರೋಗಿಗಳು ಕರಡನ್ನು ಓದಿಸಿ ಕೇಳಿ ಅರ್ಧ ದಿನ ಚರ್ಚಿಸಿದರೆ ಭೇಟಿಯ ತಿಂಗಳು, ಸ್ಥಳ, ಭಾಷೆ, ಭತ್ಯೆ ಎಲ್ಲವೂ ಬದಲಾಗುತ್ತವೆ.

ಬಸವಕಲ್ಯಾಣದಲ್ಲಿ ಈ ಮಾತೆತ್ತಿದರೆ ಯಾರಾದರೂ ಅನುಭವ ಮಂಟಪವನ್ನು ನೆನೆಯದೆ ಇರಲಾರರು. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯನ್ನು ಇಂದಿನ ವೈದ್ಯಕೀಯ ಸಂಶೋಧನೆಯ ಪೂರ್ವರೂಪವನ್ನಾಗಿ ಮಾಡುವುದು ಸರಿಯಲ್ಲ. ಆದರೂ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಆಯ್ದಕ್ಕಿ ಲಕ್ಕಮ್ಮ ತಮ್ಮ ಕಾಯಕದ ಬದುಕಿನಿಂದಲೇ ಮಾತಿನ ಅಧಿಕಾರ ಪಡೆದವರು. ವೈದ್ಯ ಸಂಗಣ್ಣನೂ ಅವರ ನಡುವಿನ ಒಬ್ಬ ವಚನಕಾರ. ಈ ನೆನಪು ಇನ್ನೂ ಹಸಿಯಾಗಿರುವ ನೆಲದಲ್ಲಿ, ಪಂಡಿತರಲ್ಲದವರು ಸಭೆಯಲ್ಲಿ ಕೂತು ಮಾತನಾಡುವುದು ವಿಚಿತ್ರವೆಂದು ಯಾರಿಗೂ ಅನ್ನಿಸಬಾರದು.

ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಓದುಬರಹ ಬಾರದವರು ಸಂಶೋಧನೆಗೆ ಏನು ಸಲಹೆ ಕೊಟ್ಟಾರು ಎಂಬುದು ಮೊದಲನೆಯದು. ಗುಂಪುಗಳಿಗೆ ಔಷಧಿ ಹಂಚುವ ವಿಧಾನ, ಮಾದರಿಯ ಗಾತ್ರದ ಲೆಕ್ಕ ರೋಗಿಯ ಕೆಲಸವಲ್ಲ, ಅದನ್ನು ಅವರಿಂದ ಯಾರೂ ಕೇಳುವುದೂ ಇಲ್ಲ. ಯಾವ ತೊಂದರೆ ಸಹಿಸಬಹುದು, ಯಾವುದು ಸಾಧ್ಯವಿಲ್ಲ, ಮನೆಯಲ್ಲಿ ಮಾತ್ರೆ ಎಲ್ಲಿ ಅಡಗಿರುತ್ತದೆ, ಏಕೆ ಅಡಗಿರುತ್ತದೆ ಎಂಬುದು ಅವರ ಕ್ಷೇತ್ರ, ಅಲ್ಲಿ ಅವರೇ ಪರಿಣತರು. ತಮ್ಮ ಕಾಯಿಲೆಯ ಬಗ್ಗೆ ಅವರಿಗೆ ಪಕ್ಷಪಾತ ಇರುವುದಿಲ್ಲವೇ ಎಂದು ಕೇಳಬಹುದು. ಇರುತ್ತದೆ. ಸಂಶೋಧಕರಿಗೆ ಪ್ರಬಂಧ ಪ್ರಕಟಿಸುವ ಹಂಬಲವೂ ಔಷಧ ಕಂಪನಿಗೆ ಮಾರಾಟದ ಹಂಬಲವೂ ಇರುತ್ತವೆ. ಯಾರ ಹಿತ ಎಲ್ಲಿದೆ ಎಂದು ಬಹಿರಂಗವಾಗಿ ಬರೆಸುವುದೇ ಇದಕ್ಕೆ ಮದ್ದು. ಕಂಪನಿಗಳ ಹಣದಿಂದ ನಡೆಯುವ ರೋಗಿ ಸಂಘಟನೆಗಳಿಗೂ ಇದು ಅನ್ವಯಿಸಬೇಕು.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಸಮಿತಿ ಮಾಡಿದರೆ ಅದರಲ್ಲಿ ಕೂರುವವರು ಊರಿನ ಪ್ರಮುಖರು, ಗಂಡಸರು, ಮೇಲ್ಜಾತಿಯವರು, ಮಾತು ಬಲ್ಲವರು. ತಾಂಡಾದ ಹೆಣ್ಣುಮಗಳು ಮೂಲೆಯಲ್ಲಿ ಕೂತು ಹೆಬ್ಬೆಟ್ಟು ಒತ್ತಿ ಹೋಗುತ್ತಾಳೆ. ಇದು ಕಲ್ಪನೆಯ ಭಯವಲ್ಲ. ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಗಳಲ್ಲಿ 5,029 ಮಹಿಳೆಯರನ್ನು ಒಳಗೊಂಡ, ಎಚ್‌ಐವಿ ತಡೆಯುವ ಔಷಧಿಗಳ ‘ವಾಯ್ಸ್’ ಅಧ್ಯಯನದಲ್ಲಿ ಸಮುದಾಯ ಸಲಹಾ ಮಂಡಳಿಗಳು ಇದ್ದವು. ಹಾಗಿದ್ದೂ, ತಾವು ಔಷಧಿ ಬಳಸುತ್ತಿದ್ದೇವೆಂದು ಶೇ. 90ರಷ್ಟು ಸಲ ಹೇಳಿದ ಮಹಿಳೆಯರ ರಕ್ತವನ್ನು ನೋಡಿದಾಗ ಔಷಧಿಯ ಕುರುಹು ಸಿಕ್ಕಿದ್ದು ಶೇ. 30ಕ್ಕಿಂತ ಹೆಚ್ಚಿಲ್ಲದ ಮಾದರಿಗಳಲ್ಲಿ. ಮಾತ್ರೆ ಮನೆಯಲ್ಲಿ ಕಂಡರೆ ತಮಗೇ ಎಚ್‌ಐವಿ ಇದೆ ಎಂದುಕೊಳ್ಳುತ್ತಾರೆಂಬ ಅಂಜಿಕೆಯನ್ನು ಅವರು ಆಮೇಲೆ ಬಾಯಿಬಿಟ್ಟರು. ಮಂಡಳಿ ಇತ್ತು, ಈ ಮಾತು ಹೊರಬರುವಂಥ ಜಾಗ ಇರಲಿಲ್ಲ. ಆದ್ದರಿಂದ ಯಾರು ಕೂರುತ್ತಾರೆ ಎಂಬುದು ಮಂಡಳಿ ಇದೆ ಎಂಬುದಕ್ಕಿಂತ ದೊಡ್ಡ ವಿಷಯ. ಹೆಂಗಸರ ಗುಂಪು ಬೇರೆ ಸೇರಬೇಕು, ಸಭೆ ತಾಂಡಾದಲ್ಲೇ ನಡೆಯಬೇಕು, ಕೂಲಿಗೆ ಸಮನಾದ ಗೌರವಧನ ಸಿಗಬೇಕು, ಒಬ್ಬರನ್ನೇ ವರ್ಷಗಟ್ಟಲೆ ಇಟ್ಟುಕೊಳ್ಳಬಾರದು. ಚಿಕ್ಕ ಊರಿನಲ್ಲಿ ಸಲಹೆಗಾರರ ಹೆಸರು ಹೊರಬಿದ್ದರೆ ಕಾಯಿಲೆಯೂ ಹೊರಬೀಳುತ್ತದೆ. ಕ್ಷಯ, ಕುಷ್ಠ, ಎಚ್‌ಐವಿ ಇರುವವರ ಗುಟ್ಟು ಕಾಯುವುದು ಮೊದಲ ಷರತ್ತಾಗಬೇಕು.

ಇಷ್ಟೆಲ್ಲ ಮಾಡಿದರೆ ಲಾಭವಿದೆಯೆಂಬುದಕ್ಕೆ ಅಳೆದ ಪುರಾವೆ ಏನು? 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯೊಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ರೋಗಿಗಳು ಸಲಹೆಗಾರರಾಗಿದ್ದಾಗ ಜನರು ಅಧ್ಯಯನಕ್ಕೆ ಸೇರಲು ಒಪ್ಪುವ ಸಾಧ್ಯತಾ ಅನುಪಾತ ಸುಮಾರು ಶೇ. 16ರಷ್ಟು ಏರಿತ್ತು, ಆ ಕಾಯಿಲೆಯನ್ನು ಸ್ವತಃ ಅನುಭವಿಸಿದವರು ಇದ್ದಾಗ ಪರಿಣಾಮ ಇನ್ನೂ ಹೆಚ್ಚು. ಸೇರಿದವರು ಕೊನೆಯವರೆಗೆ ಉಳಿಯುತ್ತಾರೆಯೇ ಎಂಬ ಬಗ್ಗೆ ಸ್ಪಷ್ಟ ಉತ್ತರ ದೊರೆಯಲಿಲ್ಲ. ಲಾಭ ಸಾಧಾರಣ, ಪವಾಡವೇನಲ್ಲ. ಆದರೆ ಒಳ್ಳೆಯ ಪ್ರಶ್ನೆ ಕೇಳುವುದರಿಂದ ಬರುವ ಲಾಭವನ್ನು ಸೇರ್ಪಡೆಯ ಲೆಕ್ಕದಿಂದ ಅಳೆಯಲು ಬರುವುದಿಲ್ಲ. ಕಿವಿ ಉಳಿಯಿತೇ ಎಂದು ಕೇಳದ ಅಧ್ಯಯನಕ್ಕೆ ಎಷ್ಟೇ ಜನ ಸೇರಿದರೂ ಕಿವಿಯ ಬಗ್ಗೆ ಅದು ಏನನ್ನೂ ಹೇಳಲಾರದು.

ನಿಯಮಗಳು ಅರ್ಧ ದಾರಿ ಬಂದಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸಮುದಾಯವನ್ನು ತೊಡಗಿಸಿಕೊಳ್ಳುವ ಬಗ್ಗೆ, ಸಲಹಾ ಮಂಡಳಿಗಳ ಬಗ್ಗೆ ಹೇಳುತ್ತದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಒಬ್ಬ ಸಾಮಾನ್ಯ ನಾಗರಿಕರಾದರೂ ಇರಬೇಕು. ಅವರು ರೋಗಿಯೇ ಆಗಿರಬೇಕೆಂದಿಲ್ಲ, ಅವರ ಮುಂದೆ ಬರುವುದು ಬರೆದು ಮುಗಿಸಿದ ಯೋಜನೆ. 2024ರ ಅಕ್ಟೋಬರ್‌ನಲ್ಲಿ ಪರಿಷ್ಕೃತವಾದ ಹೆಲ್ಸಿಂಕಿ ಘೋಷಣೆ, ಸಂಶೋಧನೆಗೆ ಮೊದಲು, ನಡೆಯುವಾಗ, ಮುಗಿದ ಮೇಲೆ ಭಾಗವಹಿಸುವವರೊಂದಿಗೂ ಅವರ ಸಮುದಾಯದೊಂದಿಗೂ ಅರ್ಥಪೂರ್ಣವಾಗಿ ವ್ಯವಹರಿಸಬೇಕೆಂದು ಸೇರಿಸಿದೆ. ಕಾಗದದ ಮೇಲಿನ ನಿಯಮ ಎಷ್ಟು ದುರ್ಬಲ ಎಂಬುದನ್ನು ಅಂದಿನ ಆಂಧ್ರದ ಖಮ್ಮಂ ತೋರಿಸಿದೆ: 2009ರಲ್ಲಿ ಅಲ್ಲಿ ಎಚ್‌ಪಿವಿ ಲಸಿಕೆಯ ಯೋಜನೆಯಲ್ಲಿ ಅನೇಕ ಬಾಲಕಿಯರ ಒಪ್ಪಿಗೆ ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು, 2010ರಲ್ಲಿ ಯೋಜನೆ ನಿಂತಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಆ ಲಸಿಕೆ ಒಳ್ಳೆಯದೇ. ತಾಯಂದಿರನ್ನು ಕೇಳದೆ ಹೋದದ್ದರಿಂದ ಒಳ್ಳೆಯ ಲಸಿಕೆಯ ಮೇಲೂ ವರ್ಷಗಟ್ಟಲೆ ಅನುಮಾನ ಬಿತ್ತು.

ಬೀದರ್ ಮತ್ತು ಕಲಬುರಗಿಯ ವೈದ್ಯಕೀಯ ಕಾಲೇಜುಗಳು ಇದನ್ನು ನಾಳೆಯೇ ಶುರು ಮಾಡಬಹುದು. ದೊಡ್ಡ ಅನುದಾನ ಬೇಕಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧದ ಕರಡನ್ನು ಅದೇ ಕಾಯಿಲೆಯ ಕೆಲವು ರೋಗಿಗಳಿಗೆ ಅವರ ಭಾಷೆಯಲ್ಲಿ ಓದಿ ಹೇಳಿ, ಅವರ ಮಾತಿನಿಂದ ಏನು ಬದಲಾಯಿತೆಂದು ಒಂದು ಪುಟ ಬರೆಸಿದರೆ ಸಾಕು. ಓದುಗರಿಗೂ ಒಂದು ವಿನಂತಿ. ನಿಮ್ಮನ್ನೋ ಮನೆಯವರನ್ನೋ ಅಧ್ಯಯನಕ್ಕೆ ಸೇರಿ ಎಂದು ಕರೆದಾಗ ಹೆದರಿ ಓಡಬೇಡಿ, ಸಂಶೋಧನೆ ಇಲ್ಲದೆ ಒಳ್ಳೆಯ ಔಷಧಿ ಬರುವುದಿಲ್ಲ. ಆದರೆ ಸಹಿ ಹಾಕುವ ಮುನ್ನ ಕೇಳಿ: ಈ ಅಧ್ಯಯನವನ್ನು ರೂಪಿಸುವಾಗ ನಮ್ಮಂಥ ರೋಗಿಗಳಲ್ಲಿ ಯಾರನ್ನು ಕೇಳಿದಿರಿ, ಅವರ ಸಲಹೆಯಿಂದ ಏನು ಬದಲಾಯಿತು, ಫಲಿತಾಂಶವನ್ನು ನಮಗೆ ಯಾವಾಗ ತಿಳಿಸುತ್ತೀರಿ? ಸರಿಯಾದ ಉತ್ತರ ಬರದಿದ್ದರೆ ಒಲ್ಲೆ ಎನ್ನುವ ಹಕ್ಕು ನಿಮಗಿದೆ. ಒಲ್ಲೆ ಎಂದ ಕಾರಣಕ್ಕೆ ನಿಮಗೆ ಸಿಗಬೇಕಾದ ಚಿಕಿತ್ಸೆಯನ್ನು ಯಾವ ಆಸ್ಪತ್ರೆಯೂ ತಡೆಯುವಂತಿಲ್ಲ.